ಹಿತ್ತಲ ಗಿಡಕ್ಕೆ ಮದ್ದು

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕೈಗೆ ಎಟುಕುವಂತಿರುವ ವಸ್ತುವಿನ ಬೆಲೆ ಮನುಷ್ಯನಿಗೆ ತಿಳಿಯದೆಂಬುದು ಅದರ ಇಂಗಿತ. ಆದರೆ ಆ ಗಿಡಕ್ಕೇ ಬಾಧೆ ಬಂದಾಗ ಅದಕ್ಕೆ ಮದ್ದು ಯಾವುದೆಂಬ ವಿಷಯದಲ್ಲಿ ಗಾದೆ ಮೌನವಾಗಿರುವುದು. ಗಾದೆಯನ್ನು ಕಟ್ಟಿದ ಹಿರಿಯರಿಗೆ ಅದೊಂದು ದೊಡ್ಡ ಚಿಂತೆಯಾಗಿ ತೋರಿರಲಾರದು. ಅವರ ಮನೆಯ ಹಿಂದೆ ವಿಶಾಲವಾದ ಹಿತ್ತಲಿತ್ತು. ಅಲ್ಲಿ ಹತ್ತಾರು ಬಗೆಯ ಗಿಡಗಳಿದ್ದವು. ಒಂದು ಹೋದರೆ ಇನ್ನೊಂದು ಇದ್ದೇ ಇತ್ತು. ಇಂದಿನ ಪಟ್ಟಣದ ಗೃಹಸ್ಥನ ಸ್ಥಿತಿ ಹಾಗಲ್ಲ. ಮನೆ ಕಟ್ಟಿ ಉಳಿದ ನಾಲ್ಕು ಮೊಳ ನೆಲದಲ್ಲಿ ಒಂದು ಕರಿಬೇವು, ಒಂದು ನಿಂಬೆ, ಎರಡು ದಾಸವಾಳ, ತುಳಸಿಯ ಕಟ್ಟೆಯ ಪಕ್ಕದಲ್ಲಿ ನಾಲ್ಕು ಬದನೆಯ ಗಿಡ, ಇಷ್ಟೇ ಅವನ ಸಸ್ಯಸಂಪತ್ತು. ಅಷ್ಟು ಭಾಗ್ಯವೂ ಇಲ್ಲದವನು ತಾರಸಿಯ ಮೇಲೆ ಕುಂಡಗಳನ್ನಿಟ್ಟುಕೊಂಡು ತೃಪ್ತನಾಗುವನು. ಇಂಥ ಸಣ್ಣ ಸಂಸಾರದಲ್ಲಿ ಒಂದು ಗಿಡ ಬಾಡಿತೆಂದರೆ ಮನೆಯಲ್ಲಿ ಯಾರಿಗೋ ಜ್ವರ ಬಂದಂತೆಯೇ ಸರಿ.

ಹೀಗಿರಲಾಗಿ ಒಂದು ದಿನ ಬೆಳಗ್ಗೆ ದಾಸವಾಳದ ಕುಡಿಯಲ್ಲಿ ಅಕ್ಕಿಹಿಟ್ಟನ್ನು ಚೆಲ್ಲಿದಂತೆ ಬಿಳಿಯದೇನೋ ಕಾಣಿಸುವುದು. ಅವರೆಯ ಬಳ್ಳಿಯ ತುದಿಗೆ ಕರಿಯ ಎಳ್ಳನ್ನು ಮೆತ್ತಿದಂತಿರುವುದು. ಬದನೆಯ ಎಲೆ ಜರಡಿಯಾಗಿರುವುದು. ಗೃಹಸ್ಥನು ಗಾಬರಿಗೊಂಡು ಅಂಗಡಿಗೆ ಓಡುವನು. "ಗಿಡಕ್ಕೆ ಹುಳ ಬಿದ್ದಿದೆ, ಏನಾದರೂ ಔಷಧಿ ಕೊಡಿ" ಎನ್ನುವನು. ಯಾವ ಗಿಡ, ಎಂಥ ಹುಳು, ಎಲೆಯ ಮೇಲೋ ಕೆಳಗೋ, ಕಚ್ಚಿ ತಿಂದಿದೆಯೋ ರಸ ಹೀರಿದೆಯೋ ಎಂದು ಅಂಗಡಿಯವನೂ ಕೇಳನು, ಇವನೂ ಹೇಳನು. ಒಂದು ಸೀಸೆ ಮನೆಗೆ ಬರುವುದು. ನಾಡಿ ಹಿಡಿಯದೆ, ನಾಲಗೆ ನೋಡದೆ, ರೋಗಿಯ ಮುಖವನ್ನೇ ಕಾಣದೆ ಮದ್ದು ಕೊಡುವ ವೈದ್ಯನನ್ನು ಇದೇ ಗೃಹಸ್ಥನು ತನ್ನ ಮಗುವಿನ ಹತ್ತಿರಕ್ಕೂ ಬಿಡುವವನಲ್ಲ. ಗಿಡದ ವಿಷಯದಲ್ಲಿ ಮಾತ್ರ ಅವನಿಗೆ ಆ ವಿವೇಕವು ನೆನಪಿಗೆ ಬರುವುದಿಲ್ಲ.

ಆಯುರ್ವೇದದಲ್ಲಿ ಚಿಕಿತ್ಸೆಗಿಂತ ಮೊದಲು ನಿದಾನವನ್ನು ಹೇಳಿದೆ. ನಿದಾನವೆಂದರೆ ರೋಗದ ಮೂಲವನ್ನು ಗೊತ್ತುಮಾಡುವುದು. ಚಿಕಿತ್ಸೆಯಾದ ಬಳಿಕ ಪಥ್ಯ. ಕನ್ನಡದಲ್ಲಿ ನಿದಾನಕ್ಕೂ ನಿಧಾನಕ್ಕೂ ಇರುವ ಅಂತರ ಒಂದು ಮಹಾಪ್ರಾಣದಷ್ಟು ಮಾತ್ರ. ಅರ್ಥದಲ್ಲಿಯೂ ಅವೆರಡಕ್ಕೆ ನೆಂಟತನವುಂಟು. ನಿಧಾನವಿಲ್ಲದವನಿಗೆ ನಿದಾನ ಸಾಧ್ಯವಿಲ್ಲ. ಗಿಡಗಳಿಗೂ ವೈದ್ಯವುಂಟೆಂಬ ಅರಿವು ಈ ನಾಡಿಗೆ ಹೊಸದೇನಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೂ ಸ್ಥಾನವಿದೆ. ಆದಕಾರಣ ಹಿತ್ತಲಿನ ಕೀಟಬಾಧೆಯನ್ನು ನಿದಾನ, ಚಿಕಿತ್ಸೆ, ಪಥ್ಯಗಳೆಂಬ ಮೂರು ಮೆಟ್ಟಿಲುಗಳಲ್ಲಿ ವಿಚಾರಿಸುವುದು ಉಚಿತವಾಗಿದೆ.

ನಿದಾನದ ಮೊದಲ ಪ್ರಶ್ನೆ ಬಾಯಿಯನ್ನು ಕುರಿತದ್ದು. ಗಿಡಕ್ಕೆ ಮುತ್ತುವ ಕೀಟಗಳಲ್ಲಿ ಅಗಿದು ತಿನ್ನುವವು ಕೆಲವು, ಸೂಜಿಯಂಥ ಬಾಯನ್ನು ಚುಚ್ಚಿ ರಸವನ್ನು ಹೀರುವವು ಕೆಲವು. ಎಲೆಯಲ್ಲಿ ತೂತು, ಅಂಚಿನಲ್ಲಿ ಕಚ್ಚು, ಕೆಳಗೆ ಮೆಣಸಿನ ಕಾಳಿನಂಥ ಹಿಕ್ಕೆ ಕಂಡರೆ ಅಗಿಯುವ ಹುಳುವೆಂದು ತಿಳಿಯಬೇಕು. ಎಲೆ ಇಡಿಯಾಗಿಯೇ ಇದ್ದು, ಮುದುರಿ, ಬಣ್ಣಗೆಟ್ಟು, ಮುಟ್ಟಿದರೆ ಅಂಟಾಗಿದ್ದರೆ ಹೀರುವ ಕೀಟವೆಂದು ತಿಳಿಯಬೇಕು. ಹೇನು, ಹಿಟ್ಟುತಿಗಣೆ, ಬಿಳಿನೊಣಗಳು ಈ ಎರಡನೆಯ ಪಂಗಡದವು. ಇವು ಹೀರಿದ ರಸದಲ್ಲಿ ಸಕ್ಕರೆ ಹೆಚ್ಚು. ಮೈಗೆ ಬೇಡವಾದುದನ್ನು ಸಿಹಿಯಾದ ಅಂಟಾಗಿ ಹೊರಕ್ಕೆ ಬಿಡುವುವು. ಆ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಕರಿಯ ಬೂಷ್ಟು ಬೆಳೆಯುವುದು. ಎಲೆಗೆ ಮಸಿ ಹಿಡಿಯಿತೆಂದು ಕಳವಳಪಡುವವನು ಮಸಿಯ ಮೂಲವನ್ನು ಮೇಲಿನ ಕುಡಿಯಲ್ಲಿ ಹುಡುಕತಕ್ಕದ್ದು.

ಕೀಟದ ಬಾಧೆಯೋ ಬೂಷ್ಟಿನ ಬಾಧೆಯೋ ಎಂಬುದು ಎರಡನೆಯ ಪ್ರಶ್ನೆ. ಇದು ತಪ್ಪಿದರೆ ಖರ್ಚೆಲ್ಲ ವ್ಯರ್ಥ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಕೆಯ ಕೊಳೆರೋಗವನ್ನು ಪರೀಕ್ಷಿಸಿದರು. ಅದರ ಮೂಲ ಬೂಷ್ಟಿನಂಥ ಒಂದು ಸೂಕ್ಷ್ಮಜೀವಿ ಎಂಬುದು ನಿಶ್ಚಿತವಾದುದರಿಂದಲೇ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆ ಸಫಲವಾಯಿತು. ಮಳೆಗಾಲಕ್ಕೆ ಮುಂಚೆ ಕೊನೆಗಳಿಗೆ ಅದನ್ನು ಹೊಡೆಯುವ ಪದ್ಧತಿ ಇಂದಿಗೂ ನಡೆದುಬಂದಿದೆ. ಆದರೆ ಅದೇ ದ್ರಾವಣವನ್ನು ದಾಸವಾಳದ ಹಿಟ್ಟುತಿಗಣೆಗೆ ಹೊಡೆದರೆ ತಿಗಣೆ ತನ್ನ ಪಾಡಿಗೆ ತಾನು ಹೀರುತ್ತಲೇ ಇರುವುದು. ಮದ್ದಿನಲ್ಲಿ ದೋಷವಿಲ್ಲ, ದೋಷವೆಲ್ಲ ನಿದಾನದ್ದು.

ಮೆಣಸಿನಕಾಯಿಯ ಗಿಡ ಇದಕ್ಕಿಂತ ಸೂಕ್ಷ್ಮವಾದ ಪಾಠವನ್ನು ಹೇಳುವುದು. ಅದರ ಎಲೆ ಮುದುರುವುದನ್ನು ರೈತರು ಮುಟುರು ರೋಗವೆಂದು ಒಂದೇ ಹೆಸರಿನಿಂದ ಕರೆಯುವರು. ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮಡಿಸಿಕೊಂಡಿದ್ದರೆ ಅದು ಸಾಮಾನ್ಯವಾಗಿ ಥ್ರಿಪ್ಸ್ ಎಂಬ ಎಳೆಯಷ್ಟು ಸಣ್ಣ ಕೀಟದ ಕೆಲಸ. ಕೆಳಕ್ಕೆ ಮಡಿಸಿಕೊಂಡಿದ್ದರೆ ಮೈಟ್ ನುಸಿಯದು. ಈ ನುಸಿ ಕೀಟವೇ ಅಲ್ಲ. ಅದಕ್ಕೆ ಎಂಟು ಕಾಲು. ಅದು ಜೇಡನ ಬಳಗಕ್ಕೆ ಸೇರಿದ್ದು. ಒಂದಕ್ಕೆ ನಾಟುವ ಮದ್ದು ಅನೇಕ ವೇಳೆ ಇನ್ನೊಂದಕ್ಕೆ ನಾಟುವುದಿಲ್ಲ. ಕುಡಿಯ ಕೆಳಗೆ ಬಿಳಿಯ ಕಾಗದವನ್ನು ಹಿಡಿದು ಮೆಲ್ಲನೆ ತಟ್ಟಿ, ಉದುರಿದುದನ್ನು ಮಕ್ಕಳ ಭೂತಕನ್ನಡಿಯಿಂದ ನೋಡಿದರೆ ಸಂದೇಹ ಪರಿಹಾರವಾಗುವುದು. ಬೆಂಡೆಯ ಎಲೆಯಲ್ಲಿ ನರಗಳು ಮಾತ್ರ ಹಳದಿಯಾಗಿ ಬಲೆ ಹೆಣೆದಂತೆ ಕಂಡರೆ ಗೊಬ್ಬರ ಸಾಲದೆಂದು ತಿಳಿಯುವುದು ವಾಡಿಕೆ. ಅದು ಬಿಳಿನೊಣವು ಹೊತ್ತು ತರುವ ವೈರಸ್ಸಿನ ಬಾಧೆ. ಅದಕ್ಕೆ ಮದ್ದಿಲ್ಲ. ಆ ಗಿಡವನ್ನು ಕಿತ್ತು ಉಳಿದವನ್ನು ಉಳಿಸಿಕೊಳ್ಳುವುದೊಂದೇ ಮಾರ್ಗ.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವಂಥದು. ಕಂಡ ಹುಳು ಶತ್ರುವೋ ಮಿತ್ರನೋ ಎಂಬುದೇ ಆ ಪ್ರಶ್ನೆ. ಹಿತ್ತಲಿನಲ್ಲಿ ಓಡಾಡುವ ಕೀಟಗಳಲ್ಲಿ ಗಿಡಕ್ಕೆ ಕೇಡು ಮಾಡುವವು ಕೆಲವೇ. ಉಳಿದವು ಹೂವಿನ ಬಂಡನ್ನುಂಡು ಕಾಯಿ ಕಚ್ಚಿಸುವುವು, ಕಸವನ್ನು ಮಣ್ಣಾಗಿಸುವುವು, ಇಲ್ಲವೆ ಆ ಕೆಲವನ್ನು ತಿಂದು ಬದುಕುವುವು. ಆದರೆ ಗಾಬರಿಗೊಂಡ ಕಣ್ಣಿಗೆ ಹುಳುವೆಲ್ಲ ಒಂದೇ.

ಗುಲಗಂಜಿ ಹುಳುವನ್ನು ಮಕ್ಕಳೂ ಬಲ್ಲರು. ಕೆಂಪು ಬೆನ್ನಿನ ಮೇಲೆ ಕರಿಯ ಚುಕ್ಕೆಯಿಟ್ಟ ಆ ಪುಟ್ಟ ದುಂಬಿ ದಿನಕ್ಕೆ ಹತ್ತಾರು ಹೇನುಗಳನ್ನು ತಿನ್ನುವುದು. ಅದನ್ನು ಅಂಗೈಯ ಮೇಲೆ ನಡೆದಾಡಿಸಿ ನಲಿಯುವ ಮಗುವೇ ಅದರ ಮರಿಯನ್ನು ಕಂಡರೆ ಚೀರುವುದು. ಮರಿಯದು ಕರಿಯ ಮೈ, ಉದ್ದವಾದ ಕಾಲು, ಮೊಸಳೆಯನ್ನು ಅಕ್ಕಿಕಾಳಿನಷ್ಟಕ್ಕೆ ಇಳಿಸಿದಂಥ ಆಕಾರ. ತಾಯಿಯಷ್ಟೇ ಹೇನು ತಿನ್ನುವ ಈ ಮರಿಯನ್ನು ವಿಕಾರರೂಪದ ದೆಸೆಯಿಂದ ಎಷ್ಟು ಮಂದಿ ಹೊಸಕಿಹಾಕಿರುವರೋ ಹೇಳಲಾಗದು. ಇತ್ತ ಬದನೆಯ ಎಲೆಯ ಮೇಲೆ ಇದೇ ಗುಲಗಂಜಿಯ ಕುಲದ ಬೇರೊಂದು ದುಂಬಿ ಕುಳಿತಿರುವುದು. ದೂರಕ್ಕೆ ಅದೇ ಆಕಾರ, ಅದೇ ಚುಕ್ಕೆ. ಹತ್ತಿರದಿಂದ ನೋಡಿದರೆ ಬೆನ್ನಿಗೆ ಹೊಳಪಿಲ್ಲ. ಸಣ್ಣ ರೋಮ ಹೊದ್ದು ಮಂಕಾದ ತಾಮ್ರದ ಬಣ್ಣ. ಚುಕ್ಕೆಗಳು 28ರವರೆಗೂ ಇರುವುವು. ಇದು ಎಲೆಯ ಹಸುರನ್ನು ಕೆರೆದು ತಿಂದು ನರಗಳ ಜಾಲರಿಯನ್ನಷ್ಟೇ ಉಳಿಸುವುದು. ಇದರ ಮರಿ ಹಳದಿ, ಮೈತುಂಬ ಕವಲೊಡೆದ ಮುಳ್ಳು. ಒಂದೇ ಕುಲದಲ್ಲಿ ಕಾವಲುಗಾರನೂ ಕಳ್ಳನೂ ಹುಟ್ಟಿರುವಾಗ ವೇಷ ನೋಡಿ ತೀರ್ಪು ಹೇಳುವುದು ಹೇಗೆ? ನಡತೆಯನ್ನು ನೋಡಬೇಕು. ನಡತೆಯನ್ನು ನೋಡುವುದಕ್ಕೆ ಗಿಡದ ಮುಂದೆ ಐದು ನಿಮಿಷ ಸುಮ್ಮನೆ ನಿಲ್ಲಬೇಕು.

ಇದಕ್ಕಿಂತಲೂ ಕಠಿನವಾದ ಪರೀಕ್ಷೆ ದಾಸವಾಳದಲ್ಲಿದೆ. ಕಾಫಿಯ ಗಿಡದ ಹಸುರು ಶಲ್ಕಕೀಟವನ್ನು ಹತೋಟಿಗೆ ತರಬೇಕೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ಒಂದು ದುಂಬಿಯನ್ನು ಹಿಂದೂದೇಶಕ್ಕೆ ತಂದರು. ಕ್ರಿಪ್ಟೊಲೀಮಸ್ ಎಂಬುದು ಅದರ ಶಾಸ್ತ್ರೀಯ ನಾಮ. ಬಂದ ಕೆಲಸದಲ್ಲಿ ಅದು ಹೆಸರು ಪಡೆಯಲಿಲ್ಲ. ಆದರೆ ದಕ್ಷಿಣದಲ್ಲಿ ನೆಲೆಸಿ ಹಿಟ್ಟುತಿಗಣೆಯ ಪರಮವೈರಿಯೆಂದು ಪ್ರಸಿದ್ಧವಾಯಿತು. ಅದರ ಮರಿಯ ಮೈಮೇಲೆಲ್ಲ ಬಿಳಿಯ ಮೇಣದ ಎಳೆಗಳು. ಥಟ್ಟನೆ ನೋಡಿದವನಿಗೆ ಅದೇ ದೊಡ್ಡದೊಂದು ಹಿಟ್ಟುತಿಗಣೆ. ತಿಗಣೆಯ ಮಂದೆಯೊಳಗೆ ತಿಗಣೆಯ ಉಡುಪಿನಲ್ಲಿ ಕುಳಿತು ತಿಗಣೆಯನ್ನೇ ಮೇಯುತ್ತಿರುವ ಈ ಉಪಕಾರಿಯನ್ನು ಗೃಹಸ್ಥನು ಎಲ್ಲಕ್ಕಿಂತ ಮೊದಲು ಆರಿಸಿ ಕೊಲ್ಲುವನು, ಏಕೆಂದರೆ ಅದೇ ದೊಡ್ಡದಾಗಿ ಕಾಣುವುದು. ಒಂದು ಕಡ್ಡಿಯಿಂದ ಮುಟ್ಟಿ ನೋಡಿದರೆ ಭೇದ ತಿಳಿಯುವುದು. ತಿಗಣೆ ಜಡ, ದುಂಬಿಯ ಮರಿ ಚುರುಕಾಗಿ ಓಡುವುದು.

ಹಸುರು ಹುಳುವಿನ ಬೆನ್ನ ಮೇಲೆ ಅಕ್ಕಿಯ ನುಚ್ಚಿನಂಥ ಬಿಳಿಯ ಗೂಡುಗಳು ಅಂಟಿರುವುದೂ ಉಂಟು. ಇಷ್ಟು ಮೊಟ್ಟೆಗಳಿಂದ ಎಷ್ಟು ಹುಳು ಹುಟ್ಟೀತೋ ಎಂದು ಬೆದರಿ ಅದನ್ನು ತುಳಿಯುವರು. ಅವು ಆ ಹುಳುವಿನ ಮೊಟ್ಟೆಗಳಲ್ಲ. ಸಣ್ಣ ಕಣಜವೊಂದು ಹುಳುವಿನ ಮೈಯೊಳಗೆ ಮೊಟ್ಟೆಯಿಟ್ಟು, ಮರಿಗಳು ಒಳಗಿನಿಂದ ಅದನ್ನು ತಿಂದು ಹೊರಬಂದು ನೇಯ್ದುಕೊಂಡ ಗೂಡುಗಳು. ಆ ಹುಳುವಿನ ಆಯುಸ್ಸು ಆಗಲೇ ಮುಗಿದಂತೆ. ಅದನ್ನು ಬಿಟ್ಟರೆ ನಾಳೆ ಹತ್ತಾರು ಕಣಜಗಳು ಹೊರಟು ಇತರ ಹುಳುಗಳನ್ನು ಹುಡುಕುವುವು.

ಕಣಜದ ಮಾತು ಬಂದಾಗ ವೇದಾಂತಗಳಲ್ಲಿ ಪ್ರಸಿದ್ಧವಾದ ಕೀಟಭ್ರಮರನ್ಯಾಯವು ನೆನಪಾಗದಿರದು. ಭ್ರಮರವು ಕೀಟವೊಂದನ್ನು ತನ್ನ ಮಣ್ಣಿನ ಗೂಡಿನಲ್ಲಿ ಸೆರೆಯಿಡುವುದು. ಕೀಟವು ಭಯದಿಂದ ಭ್ರಮರವನ್ನೇ ಧ್ಯಾನಿಸುತ್ತ ಕಡೆಗೆ ತಾನೂ ಭ್ರಮರವಾಗಿ ಹೊರಬರುವುದು. ಜೀವನು ದೇವನನ್ನು ಧ್ಯಾನಿಸಿ ತದ್ರೂಪವನ್ನು ಹೊಂದುವನೆಂಬುದಕ್ಕೆ ಇದು ದೃಷ್ಟಾಂತ. ಪೂರ್ವಿಕರು ಕಂಡದ್ದು ಸುಳ್ಳಲ್ಲ. ಮನೆಯ ಗೋಡೆಯ ಮೇಲೆ ಮಡಕೆಯಂಥ ಗೂಡು ಕಟ್ಟುವ ಕಣಜವು ಹಸುರು ಹುಳುಗಳನ್ನು ಕುಟುಕಿ ನಿಶ್ಚೇಷ್ಟಗೊಳಿಸಿ ಒಳಗೆ ತುಂಬುವುದು, ಬಾಯಿಗೆ ಮಣ್ಣು ಮೆತ್ತುವುದು, ಕೆಲವು ದಿನಗಳ ಮೇಲೆ ಒಳಗಿನಿಂದ ಕಣಜವೇ ಹೊರಬರುವುದು, ಇಷ್ಟೂ ಸತ್ಯ. ಗೂಡನ್ನು ಒಡೆದು ನೋಡಿದರೆ ನಡುವಣ ಸಂಗತಿಯೂ ತಿಳಿಯುವುದು. ಕಣಜವು ಒಳಗೆ ತನ್ನ ಮೊಟ್ಟೆಯನ್ನಿಟ್ಟಿರುವುದು. ಒಡೆದ ಮರಿಗೆ ಹುಳುವೇ ಆಹಾರ. ದೃಷ್ಟಾಂತದ ಪಾರಮಾರ್ಥಿಕ ಬೆಲೆಗೆ ಇದರಿಂದ ಕುಂದಿಲ್ಲ. ಆದರೆ ಹಿತ್ತಲಿನ ವ್ಯವಹಾರಕ್ಕೆ ಹೊಸದೊಂದು ಅರ್ಥ ದೊರೆಯುವುದು. ದೀಪಾವಳಿಗೆ ಸುಣ್ಣ ಬಳಿಯುವಾಗ ಕೆರೆದುಹಾಕುವ ಆ ಮಣ್ಣಿನ ಗೂಡು ಬದನೆಯ ಗಿಡಕ್ಕೆ ಹಾಕಿದ ಕಾವಲು.

ಇಷ್ಟು ವಿಚಾರಿಸಿದ ಮೇಲೆ ಚಿಕಿತ್ಸೆ. ಇಂಥ ಒಂದು ಮನೆಯಲ್ಲಿ ನಡೆಯಬಹುದಾದ ಮಾತುಕತೆ ಇಲ್ಲಿ ಪ್ರಸ್ತುತವಾದೀತು. ಯಜಮಾನರು ಸೀಸೆಯೊಂದಿಗೆ ಕರಿಬೇವಿನ ಗಿಡದ ಬುಡಕ್ಕೆ ಬಂದಿರುವರು. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುವಳು:

"ಅಲ್ಲಾ ಅಂದ್ರೆ, ಅದನ್ನು ಹೊಡೆದರೆ ಹುಳ ಸಾಯುತ್ತೆ ಅಂತೀರಿ. ನಾಳೆ ಸಾರಿಗೆ ಒಗ್ಗರಣೆ ಹಾಕೋದು ಅದೇ ಸೊಪ್ಪಲ್ಲವೇ?"

"ತೊಳೆದು ಹಾಕಿದರಾಯಿತು."

"ಮಳೆ ಬಂದರೂ ಹೋಗದ ಹಾಗೆ ಅಂಟಿಕೊಳ್ಳುತ್ತೆ ಅಂತ ಈಗ ತಾನೆ ನೀವೇ ಓದಿ ಹೇಳಿದಿರಿ. ಮಳೆಗೆ ಹೋಗದ್ದು ನನ್ನ ಒಂದು ಚೊಂಬು ನೀರಿಗೆ ಹೋಗುತ್ಯೇ?"

ಜಗಲಿಯಲ್ಲಿ ಬತ್ತಿ ಹೊಸೆಯುತ್ತ ಕುಳಿತ ಯಜಮಾನರ ತಾಯಿ ತಲೆಯೆತ್ತದೆ ಕೇಳುವರು: "ಹುಳ ಎಷ್ಟಿವೆ, ಎಣಿಸಿದೆಯೇನೋ?"

ಎಣಿಸಿದರೆ ಹನ್ನೊಂದು! ಹನ್ನೊಂದು ಹುಳುವಿಗೆ ಒಂದು ಸೀಸೆ ವಿಷ! ಮುದುಕಿಯ ಪ್ರಶ್ನೆಯಲ್ಲಿ ಚಿಕಿತ್ಸಾಶಾಸ್ತ್ರದ ಮೊದಲ ಸೂತ್ರವೇ ಅಡಗಿದೆ. ಕರಿಬೇವು ಮತ್ತು ನಿಂಬೆಯ ಎಲೆಯನ್ನು ತಿನ್ನುವ ಈ ಹುಳು ಚಿಕ್ಕದಾಗಿರುವಾಗ ಹಕ್ಕಿಯ ಹಿಕ್ಕೆಯಂತೆ ಕಾಣುವುದು, ಬೆಳೆದ ಮೇಲೆ ಎಲೆಯ ಹಸುರನ್ನೇ ತಾಳುವುದು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬೊಂದನ್ನು ಹೊರಚಾಚಿ ಕಟುವಾದ ವಾಸನೆ ಬೀರುವುದು. ಕಚ್ಚದು, ಕುಟುಕದು. ಕಡ್ಡಿಯಿಂದ ತೆಗೆದರೆ ಕೆಲಸ ಮುಗಿಯಿತು. ಗಿಡ ದೊಡ್ಡದಾಗಿದ್ದರೆ ಅದನ್ನೂ ತೆಗೆಯಬೇಕಾಗಿಲ್ಲ. ಕೆಲವು ರೆಂಬೆಯ ಎಲೆಗೆ ಬದಲಾಗಿ ಕಪ್ಪು ಹಳದಿಯ ಚಿತ್ತಾರದ ಚಿಟ್ಟೆಗಳು ಅಂಗಳಕ್ಕೆ ಬರುವುವು.

ಹಿತ್ತಲಿನಲ್ಲಿ ಮೊದಲ ಮದ್ದು ಕೈ. ಬದನೆಯ ಕುಡಿ ಇದ್ದಕ್ಕಿದ್ದಂತೆ ಜೋತುಬಿದ್ದರೆ ಒಳಗೆ ಕೊರೆಯುವ ಹುಳುವಿದೆ. ಹೊರಗಿನಿಂದ ಎಷ್ಟು ಸಿಂಪಡಿಸಿದರೂ ಅದಕ್ಕೆ ತಟ್ಟದು. ಬಾಡಿದ ಕುಡಿಯನ್ನು ಒಂದು ಗೇಣು ಕೆಳಗೆ ಕತ್ತರಿಸಿ ಸುಟ್ಟರೆ ಮುಂದೆ ಕಾಯಿಗೆ ಹೋಗಬೇಕಾದ ಹುಳು ಅಲ್ಲಿಗೇ ತೀರುವುದು. ಎರಡನೆಯ ಮದ್ದು ನೀರು. ಹೇನು ಮತ್ತು ಜೇಡನುಸಿಗಳನ್ನು ಎಲೆಯ ಅಡಿಗೆ ಜೋರಾಗಿ ನೀರು ಹಾಯಿಸಿ ಉದುರಿಸಬಹುದು. ಕೆಳಗೆ ಬಿದ್ದ ಹೇನುಗಳಲ್ಲಿ ಹೆಚ್ಚಿನವು ಮತ್ತೆ ಮೇಲೇರಲಾರವು. ಮೂರನೆಯದು ಸಾಬೂನು. ಒಂದು ಲೀಟರು ನೀರಿಗೆ ಸುಮಾರು 5 ಗ್ರಾಂ ಮೃದುವಾದ ಸಾಬೂನನ್ನು ಕರಗಿಸಿ ಕೀಟದ ಮೈಗೇ ತಗಲುವಂತೆ ಸಿಂಪಡಿಸಬೇಕು. ಅದು ಮೆತ್ತಗಿನ ಮೈಯ ಕೀಟಗಳ ಮೇಣದ ಹೊದಿಕೆಯನ್ನು ಕೆಡಿಸಿ ಕೊಲ್ಲುವುದು. ಒಣಗಿದ ಮೇಲೆ ಅದಕ್ಕೆ ಶಕ್ತಿಯಿಲ್ಲ. ಮೊದಲು ಎರಡು ಎಲೆಗೆ ಹೊಡೆದು ಒಂದು ದಿನ ಕಾದು ನೋಡುವುದೂ, ಬಿಸಿಲೇರಿದ ಮೇಲೆ ಹೊಡೆಯದಿರುವುದೂ ಲೇಸು.

ನಾಲ್ಕನೆಯದು ಬೇವು. 1959ರಲ್ಲಿ ಸೂಡಾನ್ ದೇಶಕ್ಕೆ ಮಿಡತೆಯ ದಂಡು ಎರಗಿ ಸುತ್ತಲ ಹಸುರನ್ನೆಲ್ಲ ಬೋಳಿಸಿದಾಗ ಬೇವಿನ ಮರಗಳು ಮಾತ್ರ ಹಾಗೆಯೇ ಉಳಿದುದನ್ನು ಜರ್ಮನಿಯ ವಿಜ್ಞಾನಿ ಷ್ಮುಟರರ್ ಕಂಡು ಆಶ್ಚರ್ಯಪಟ್ಟರು. ಬಟ್ಟೆಯ ಪೆಟ್ಟಿಗೆಯಲ್ಲಿಯೂ ಧಾನ್ಯದ ಗುಡಾಣದಲ್ಲಿಯೂ ಬೇವಿನ ಸೊಪ್ಪನ್ನಿಟ್ಟು ಬೆಳೆದ ಈ ನಾಡಿನ ಗೃಹಿಣಿಗೆ ಅದು ಆಶ್ಚರ್ಯವಲ್ಲ. ಆದರೂ ಆ ಬಳಿಕ ನಡೆದ ಶೋಧನೆಗಳಿಂದ ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ಸತ್ವದ ಗುಣ ಸ್ಪಷ್ಟವಾಯಿತು. ಒಣಗಿಸಿದ ಬೀಜದ ತಿರುಳನ್ನು 50 ಗ್ರಾಂ ಪುಡಿಮಾಡಿ, ಲೀಟರು ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಸಾಬೂನು ಬೆರೆಸಿದರೆ ಕಷಾಯ ಸಿದ್ಧ. ಬಿಸಿಲಿಗೆ ಅದರ ಸತ್ವ ಬೇಗ ಕೆಡುವುದರಿಂದ ಸಂಜೆಯ ಹೊತ್ತು ಹೊಡೆಯತಕ್ಕದ್ದು. ಇಟ್ಟುಕೊಳ್ಳದೆ ಅಂದಂದೇ ಮುಗಿಸತಕ್ಕದ್ದು. ಬೇವು ಹುಳುವನ್ನು ಕೂಡಲೆ ಕೆಡವುವುದಿಲ್ಲ. ಅದರ ಹಸಿವನ್ನು ಕುಂದಿಸುವುದು, ಪೊರೆ ಕಳಚಲಾರದಂತೆ ಮಾಡುವುದು. ಮರುದಿನವೂ ಹುಳು ಜೀವಂತವಾಗಿರುವುದನ್ನು ಕಂಡು ಬೇವು ಕೆಲಸಕ್ಕೆ ಬಾರದೆಂದು ಹಳಿಯುವವನಲ್ಲಿ ಕೊರತೆಯಾಗಿರುವುದು ನಿಧಾನವೇ.

ಹೊಗೆಸೊಪ್ಪಿನ ಕಷಾಯವನ್ನು ಹಿಂದಿನವರು ಹೇನಿಗೆ ಬಳಸುತ್ತಿದ್ದುದುಂಟು. ಮನೆಯ ವಸ್ತುವೆಂಬ ಕಾರಣಕ್ಕೆ ಅದು ಸಾಧುವೆಂದು ತಿಳಿಯಕೂಡದು. ಅದರಲ್ಲಿರುವ ನಿಕೋಟಿನ್ ಮನುಷ್ಯನಿಗೂ ಉಗ್ರವಿಷ, ಮಿತ್ರಕೀಟಗಳಿಗೂ ಮೃತ್ಯು. ತಂಬಾಕಿನಲ್ಲಿರುವ ವೈರಸ್ಸು ಟೊಮೇಟೊ, ಮೆಣಸಿನ ಗಿಡಗಳಿಗೆ ಅಂಟುವ ಭಯವೂ ಉಂಟು.

ಅಂಗಡಿಯ ವಿಷದ ವಿಷಯವಾಗಿ ಎರಡು ಮಾತು ಹೇಳದೆ ತೀರದು. 1939ರಲ್ಲಿ ಡಿ.ಡಿ.ಟಿ.ಯ ಕೀಟನಾಶಕ ಶಕ್ತಿಯನ್ನು ಪೌಲ್ ಮುಲ್ಲರ್ ಕಂಡುಹಿಡಿದಾಗ ಕೀಟಗಳ ಕಥೆ ಮುಗಿಯಿತೆಂದೇ ಲೋಕ ಹಿಗ್ಗಿತು. 1948ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು. ಮುಂದಿನ ಕಥೆ ಅಷ್ಟು ಹರ್ಷದ್ದಲ್ಲ. 1958ರಲ್ಲಿ ಕೇರಳದಲ್ಲಿ ಹಡಗಿನಲ್ಲಿ ಒಟ್ಟಿಗೆ ಬಂದ ಗೋಧಿಯ ಹಿಟ್ಟಿಗೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತು, ಅದನ್ನುಂಡವರಲ್ಲಿ ನೂರಕ್ಕೂ ಹೆಚ್ಚು ಮಂದಿ ಮರಣಹೊಂದಿದರು. ಕೀಟನಾಶಕಗಳ ಶಾಸನ 1968ರಲ್ಲಿ ಆದುದರ ಹಿಂದೆ ಈ ದುರಂತವಿದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರುತೋಟಗಳಲ್ಲಿ ಟೀ ಸೊಳ್ಳೆಯೆಂಬ ಕೀಟದ ನಿವಾರಣೆಗಾಗಿ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದರು. ಆ ಹಳ್ಳಿಗಳಲ್ಲಿ ಅಂಗವೈಕಲ್ಯದಿಂದ ನರಳಿದ ಮಕ್ಕಳ ಅಳಲು ನಾಡಿಗೆಲ್ಲ ಕೇಳಿ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆಯನ್ನೂ ಮಾರಾಟವನ್ನೂ ತಡೆಯಿತು. ಕೀಟವನ್ನು ಗುರಿಯಿಟ್ಟು ಬಿಟ್ಟ ಬಾಣ ತೊಟ್ಟಿಲಿಗೆ ತಗಲಿತು.

ಅನಿವಾರ್ಯವಾಗಿ ಕೊಳ್ಳಲೇಬೇಕಾದವನು ಡಬ್ಬಿಯ ಮೇಲಿನ ಬಣ್ಣದ ಗುರುತನ್ನಾದರೂ ನೋಡಬೇಕು. ಕೆಂಪು ಅತ್ಯುಗ್ರ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಮಧ್ಯಮ, ಹಸುರು ಎಲ್ಲಕ್ಕಿಂತ ಸೌಮ್ಯ. ಮಕ್ಕಳಿರುವ ಮನೆಯ ಹಿತ್ತಲಿಗೆ ಕೆಂಪು, ಹಳದಿಗಳು ತಕ್ಕವಲ್ಲ. ಸಿಂಪಡಿಸಿದ ಮೇಲೆ ಎಷ್ಟು ದಿನ ಕೊಯ್ಯಕೂಡದೆಂದು ಬರೆದಿದೆಯೋ ಅಷ್ಟು ದಿನ ಕಾಯತಕ್ಕದ್ದು. ಅಡಿಗೆಮನೆಯ ಪಾತ್ರೆಯನ್ನು ಅಳತೆಗೆ ಬಳಸಕೂಡದು; ಉಳಿದುದನ್ನು ಬೇರೆ ಸೀಸೆಗೆ ತುಂಬಿಡಕೂಡದು.

ವಿಷಕ್ಕೆ ಇನ್ನೊಂದು ದೋಷವುಂಟು. ಹೇನು ಗಂಡಿನ ಹಂಗಿಲ್ಲದೆಯೇ ಮರಿಹಾಕಬಲ್ಲುದು. ಮರಿ ವಾರವೊಂದರಲ್ಲಿ ತಾಯಿಯಾಗುವುದು. ಅದನ್ನು ತಿನ್ನುವ ದುಂಬಿ ಹಾಗಲ್ಲ. ಅದರ ಸಂಸಾರ ಬೆಳೆಯಲು ವಾರಗಳೇ ಬೇಕು. ಎರಡರ ಮೇಲೂ ವಿಷ ಬಿದ್ದರೆ ಮೊದಲು ಚೇತರಿಸಿಕೊಳ್ಳುವುದು ಹೇನು. ಆಗ ಅದಕ್ಕೆ ವೈರಿಗಳೂ ಇರರು. ಆದಕಾರಣವೇ ಒಮ್ಮೆ ಹೊಡೆದವನು ಮತ್ತೆ ಮತ್ತೆ ಹೊಡೆಯಬೇಕಾಗುವುದು.

ಮಿತ್ರಕೀಟದ ಶಕ್ತಿ ಎಷ್ಟೆಂಬುದಕ್ಕೆ ಇತ್ತೀಚಿನ ದೃಷ್ಟಾಂತವೊಂದು ಸಾಕು. 2008ರಲ್ಲಿ ಕೊಯಮತ್ತೂರಿನಲ್ಲಿ ಪರಂಗಿಯ ಗಿಡಗಳ ಮೇಲೆ ಹೊಸ ಜಾತಿಯ ಹಿಟ್ಟುತಿಗಣೆ ಕಾಣಿಸಿಕೊಂಡು ಕರ್ನಾಟಕಕ್ಕೂ ಹಬ್ಬಿತು. ಪರಂಗಿಯಷ್ಟೇ ಅಲ್ಲ, ದಾಸವಾಳ, ಹಿಪ್ಪುನೇರಳೆಗಳಿಗೂ ಅದು ಮುತ್ತಿತು. ಮೇಣದ ಹೊದಿಕೆಯ ದೆಸೆಯಿಂದ ವಿಷಕ್ಕೆ ಅದು ಸುಲಭವಾಗಿ ಜಗ್ಗಲಿಲ್ಲ. ರೇಷ್ಮೆ ಸಾಕುವವರ ಕಷ್ಟವಂತೂ ಇಮ್ಮಡಿಯಾಯಿತು. ಹಿಪ್ಪುನೇರಳೆಗೆ ವಿಷ ಹೊಡೆದರೆ ಅದನ್ನು ತಿನ್ನುವ ರೇಷ್ಮೆಹುಳುವೂ ಕೀಟವೇ ಅಲ್ಲವೆ? ತಿಗಣೆಯ ಮೂಲಸ್ಥಾನ ಮೆಕ್ಸಿಕೋದ ಕಡೆ. ಅಲ್ಲಿಯ ಸೀಮೆಯಲ್ಲಿ ಅದನ್ನು ಹದ್ದಿನಲ್ಲಿಟ್ಟಿರುವ ಸಣ್ಣ ಕಣಜಗಳಿರುವುದನ್ನು ತಿಳಿದು, 2010ರಲ್ಲಿ ಪೋರ್ಟೊ ರಿಕೋದಿಂದ ಮೂರು ಜಾತಿಯ ಕಣಜಗಳನ್ನು ಬೆಂಗಳೂರಿನಲ್ಲಿರುವ ಕೃಷಿಕೀಟಗಳ ರಾಷ್ಟ್ರೀಯ ಸಂಸ್ಥೆಗೆ ತರಿಸಿದರು. ಮೊದಲು ಪರೀಕ್ಷಿಸಿ, ಬೇರೆ ಯಾವುದಕ್ಕೂ ಕೇಡಿಲ್ಲವೆಂದು ನಿಶ್ಚಯಿಸಿ, ಅನಂತರ ತೋಟಗಳಲ್ಲಿ ಬಿಟ್ಟರು. ಕಣ್ಣಿಗೆ ಸರಿಯಾಗಿ ಕಾಣಿಸದ ಆ ಕಣಜಗಳು ಕೆಲವೇ ತಿಂಗಳಲ್ಲಿ ತಿಗಣೆಯ ದಂಡನ್ನು ಅಡಗಿಸಿದವು. ಅವುಗಳನ್ನು ಬಿಟ್ಟ ತೋಟದಲ್ಲಿ ವಿಷ ಹೊಡೆಯಬೇಡಿರೆಂದು ರೈತರನ್ನು ಬೇಡಿಕೊಳ್ಳಬೇಕಾದುದೇ ದೊಡ್ಡ ಕೆಲಸವಾಗಿತ್ತು.

ಇನ್ನು ಪಥ್ಯ. ಅತಿಯಾದ ಗೊಬ್ಬರ, ಅದರಲ್ಲಿಯೂ ಯೂರಿಯಾ, ಗಿಡವನ್ನು ಕೊಬ್ಬಿಸಿ ಮೆತ್ತಗೆ ಮಾಡುವುದು. ಅಂಥ ಕುಡಿಯೇ ಹೇನಿಗೆ ಮೃಷ್ಟಾನ್ನ. ಗಿಡಗಳ ನಡುವೆ ಗಾಳಿ ಬೆಳಕು ಆಡುವಂತಿರಬೇಕು. ನರ್ಸರಿಯಿಂದ ತಂದ ಗಿಡವನ್ನು ಎರಡು ವಾರ ದೂರವಿಟ್ಟು ನೋಡಿ, ಎಲೆಯ ಅಡಿಯಲ್ಲಿ ಏನೂ ಇಲ್ಲವೆಂದ ಮೇಲೆ ಇತರ ಗಿಡಗಳ ಪಂಕ್ತಿಗೆ ಸೇರಿಸಬೇಕು. ಬದನೆ ಬೆಳೆದ ಮಡಿಯಲ್ಲಿ ಮರಳಿ ಬದನೆಯನ್ನೋ ಅದರ ದಾಯಾದಿ ಟೊಮೇಟೊವನ್ನೋ ನೆಡದೆ ಸೊಪ್ಪನ್ನೋ ಅಲಸಂದೆಯನ್ನೋ ಹಾಕಬೇಕು. ತಿಪ್ಪೆಯ ಗುಂಡಿಯನ್ನು ಆಗಾಗ್ಗೆ ಕೆದಕಿ ಬಿಳಿಯ ದಪ್ಪ ಹುಳುಗಳನ್ನು ಹಕ್ಕಿಗಳಿಗೆ ಒಪ್ಪಿಸಿದರೆ ತೆಂಗಿನ ಸುಳಿಯನ್ನು ಕೊರೆಯುವ ಕೊಂಬಿನ ದುಂಬಿಯ ಸಂತತಿ ಅಲ್ಲಿಯೇ ಕುಂದುವುದು. ಉದುರಿದ ಸೀಬೆಹಣ್ಣನ್ನು ನೆಲದಲ್ಲಿ ಕೊಳೆಯಲು ಬಿಡಬಾರದು. ಅದರೊಳಗಿನ ಹಣ್ಣುನೊಣದ ಮರಿ ಮಣ್ಣಿಗಿಳಿದು ಮತ್ತೆ ನೊಣವಾಗಿ ಮೇಲೇಳುವುದು. ಈ ನೊಣದ ಗಂಡುಗಳನ್ನು ಸೆಳೆಯುವ ಮೀಥೈಲ್ ಯೂಜಿನಾಲ್ ಎಂಬ ಪರಿಮಳದ್ರವ್ಯ ತುಳಸಿಯಲ್ಲಿಯೂ ಇದೆ. ಜಜ್ಜಿದ ತುಳಸಿಯ ಎಲೆಗಳಿಗೆ ಮಾವು, ಸೀಬೆಗಳ ನೊಣಗಳು ಬಂದು ಮುತ್ತುವುದನ್ನು ಯಾರೂ ನೋಡಬಹುದು.

ಇರುವೆಗಳ ಮೇಲೆ ಕಣ್ಣಿಡುವುದೂ ಪಥ್ಯದೊಳಗಿನ ಮಾತೇ. ಸಿಹಿಯಂಟಿನ ಆಸೆಗೆ ಇರುವೆಗಳು ಹೇನುಗಳನ್ನು ಗೋವಳರು ದನ ಕಾದಂತೆ ಕಾಯುವುವು, ಗುಲಗಂಜಿ ಹುಳುವನ್ನು ಕಚ್ಚಿ ಓಡಿಸುವುವು. ಕಾಂಡದ ಸುತ್ತ ಜಿಡ್ಡು ಸವರಿದ ಬಟ್ಟೆಯ ಪಟ್ಟಿ ಕಟ್ಟಿ ಅವುಗಳ ದಾರಿಯನ್ನು ತಡೆದರೆ ಉಳಿದುದನ್ನು ಮಿತ್ರಕೀಟಗಳೇ ನೋಡಿಕೊಳ್ಳುವುವು. ಆ ಮಿತ್ರರಿಗೂ ಊಟ ಬೇಕು. ಕೊತ್ತಂಬರಿ, ಸಬ್ಬಸಿಗೆಗಳ ನಾಲ್ಕು ಗಿಡಗಳನ್ನು ಕೀಳದೆ ಹೂಬಿಡಲು ಬಿಟ್ಟರೆ ಸಣ್ಣ ಕಣಜಗಳಿಗೆ ಅದೇ ಅನ್ನಛತ್ರ. ಟೊಮೇಟೊ ಬೆಳೆಯುವವರು ಪ್ರತಿ 16 ಸಾಲಿಗೆ ಒಂದು ಸಾಲು ಚೆಂಡುಹೂವನ್ನು ಹಾಕಬೇಕೆಂದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿರುವರು. ಕಾಯಿಕೊರಕದ ಪತಂಗವು ಚೆಂಡುಹೂವಿನ ಮೊಗ್ಗನ್ನೇ ಮೆಚ್ಚಿ ಅಲ್ಲಿ ಮೊಟ್ಟೆಯಿಡುವುದು, ಟೊಮೇಟೊ ಉಳಿಯುವುದು. ಹಿತ್ತಲಿನಲ್ಲಿ ಸಾಲುಗಳಿಲ್ಲದಿದ್ದರೂ ಎರಡು ಚೆಂಡುಹೂವಿನ ಗಿಡಗಳಿಗೆ ಎಡೆಯಿದ್ದೇ ಇರುವುದು.

ಇಷ್ಟೆಲ್ಲವನ್ನೂ ನೆನಪಿಟ್ಟುಕೊಳ್ಳುವುದು ಕಷ್ಟವೆಂದು ಯಾರಾದರೂ ಹೇಳಬಹುದು. ಹಿಂದಿನ ಗೃಹಿಣಿ ಇವುಗಳಲ್ಲಿ ಅನೇಕವನ್ನು ಓದಿ ತಿಳಿದವಳಲ್ಲ. ಆದರೆ ಅವಳು ದಿನವೂ ಬೆಳಗ್ಗೆ ಮಿಂದು ಬುಟ್ಟಿ ಹಿಡಿದು ದೇವರಿಗೆ ಹೂ ಬಿಡಿಸಲು ಹಿತ್ತಲಿಗೆ ಹೋಗುತ್ತಿದ್ದಳು. ಒಂದೊಂದು ರೆಂಬೆಯನ್ನೂ ಬಗ್ಗಿಸಿ, ಎಲೆಯನ್ನು ಸರಿಸಿ, ಮೊಗ್ಗು ಯಾವುದು ಹೂ ಯಾವುದೆಂದು ನೋಡುತ್ತಿದ್ದಳು. ಹುಳು ಕಂಡರೆ ಕಿತ್ತು ಬಿಸುಡುತ್ತಿದ್ದಳು. ಕುಡಿ ಬಾಡಿದ್ದರೆ ಚಿವುಟುತ್ತಿದ್ದಳು. ಕೀಟ ಹನ್ನೊಂದಾಗಿರುವಾಗಲೇ ಅವಳ ಕಣ್ಣಿಗೆ ಬೀಳುತ್ತಿತ್ತು; ಹನ್ನೊಂದು ಸಾವಿರವಾಗುವವರೆಗೆ ಅದಕ್ಕೆ ಅವಕಾಶವಿರಲಿಲ್ಲ. ಪೂಜೆಗೆಂದು ಮಾಡಿದ ಆ ಪ್ರದಕ್ಷಿಣೆಯೇ ಗಿಡಗಳ ನಾಡಿಪರೀಕ್ಷೆಯೂ ಆಗಿತ್ತು. ಈಗ ಹೂ ಮಾರುಕಟ್ಟೆಯಿಂದ ಮೊಳದ ಲೆಕ್ಕದಲ್ಲಿ ಬರುವುದು. ಸೊಪ್ಪು ಕಟ್ಟುಗಳಲ್ಲಿ ಬರುವುದು. ಗಿಡದ ಮುಂದೆ ಯಾರೂ ನಿಲ್ಲದಿರುವುದರಿಂದಲೇ ಸೀಸೆಗೆ ಬೇಡಿಕೆ. ಮುಂಜಾನೆ ಹತ್ತು ನಿಮಿಷ ಗಿಡದ ಬಳಿ ಕಳೆಯುವ ಮನೆಗೆ ಆ ಸೀಸೆಯ ಅಗತ್ಯ ಬೀಳುವುದು ಅಪರೂಪ. ಎಲೆಯಲ್ಲಿ ಒಂದೆರಡು ತೂತು ಉಳಿಯಬಹುದು. ಉಳಿದರೆ ಉಳಿಯಲಿ. ಹುಳುವೂ ಮುಟ್ಟದ ಸೊಪ್ಪನ್ನು ಮಗುವಿನ ತಟ್ಟೆಗೆ ಬಡಿಸುವುದಕ್ಕಿಂತ, ಹುಳುವೊಂದು ಮೊದಲು ರುಚಿನೋಡಿ ಬದುಕಿರುವ ಸೊಪ್ಪನ್ನು ಬಡಿಸುವುದರಲ್ಲಿ ತಾಯಿಯ ಮನಸ್ಸಿಗೆ ಹೆಚ್ಚಿನ ನೆಮ್ಮದಿಯುಂಟು.